ಎದುರು ಬರುವವರಿಗೆ ಎತ್ತುವ ಕೈ

ಬಲಗಡೆಯ ಕನ್ನಡಿಯಲ್ಲಿ ಎಲ್ಲರಿಗೂ ಕೈಗಳಿವೆ, ಅಪ್ಪನಿಗೆ ಮಾತ್ರ ಇಲ್ಲ, ಎರಡನ್ನೂ ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ನಿಂತಿದ್ದಾನೆ, ಎಂದಿನಂತೆ, ಕಾಲುವೆ ದಂಡೆಯಲ್ಲಿ ದೋಣಿ ಕಟ್ಟುವ ಗೂಟದ ಹಾಗೆ, ಉಳಿದವರ ಕೈಗಳೆಲ್ಲ ಆಗಲೇ ಎದೆಮಟ್ಟಕ್ಕೆ ಬಂದು ಕಾಯುತ್ತಿವೆ, ಮನೆಗಾಡಿ ಕದಲಿದ ಕೂಡಲೇ ಬೀಸಬೇಕಲ್ಲ, ಮರೆಯಾಗುವ ತನಕ ಬೀಸಬೇಕು, ಈ ಬೀದಿಯಿಂದ ಯಾರೇ ರಜೆಗೆ ಹೊರಟರೂ ಇದು ತಪ್ಪದು, ಪಕ್ಕದ ಮನೆಯ ಹಿಲ್ಚೆಯಂತೂ ಬೀಸಲು ಅಡುಗೆಮನೆಯ ಕೈ ಒರೆಸುವ ಚೌಕವನ್ನೇ ತಂದಿದ್ದಾಳೆ, ಇವರು ಡೆನ್ಮಾರ್ಕಿಗಲ್ಲ ಚಂದ್ರಲೋಕಕ್ಕೆ ಹೊರಟಿರುವಂತೆ, ನಗಬಾರದು, ನಿಂಕೆ ನಗಲಿಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡಳು, ಎಡಗಡೆಯ ಇಷ್ಟೆತ್ತರದ ಡ್ರೈವರ್ ಸೀಟಿನಲ್ಲಿ ಕೂತರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಇಲ್ಲಿಂದ ಎಲ್ಲರ ನೆತ್ತಿ ಕಾಣುತ್ತದೆ, ಯಾರ ನೆತ್ತಿಯಲ್ಲಿ ಎಷ್ಟು ಕೂದಲು ಉಳಿದಿದೆ ಎಂಬುದೂ — ಗ್ಯಾಸ್ ಮುಚ್ಚಿದೆ, ಮೇಲಿನ ಕಿಟಕಿ ಮುಚ್ಚಿದೆ, ಮೆಟ್ಟಿಲು ಒಳಗೆ, ಕಪಾಟುಗಳಿಗೆ ಚಿಲಕ, ಮಕ್ಕಳಿಗೆ ಬೆಲ್ಟು, ಫ್ರಿಜ್ ನಿನ್ನೆಯಿಂದ ಮನೆಯ ಕರೆಂಟಿನಲ್ಲೇ ತಣ್ಣಗಾಗುತ್ತಿದೆ, ಹಾಲು ಬೆಣ್ಣೆಗೆ ಚಿಂತೆಯಿಲ್ಲ — ಕ್ಯಾಪ್ಟನ್ ಮೇಡಂ, ಹೊರಡೋಣ್ವಾ, ಪಕ್ಕದ ಸೀಟಿನಿಂದ ಯೆಲ್ಮರ್, ತೊಡೆಯ ಮೇಲೆ ನಕ್ಷೆ, ಬಾಯಲ್ಲಿ ಕರಿಮಿಠಾಯಿ, ಒಳ್ಳೆಯ ಗಂಡ, ಹೆಂಡತಿ ಓಡಿಸುವ ಗಾಡಿಯಲ್ಲಿ ನಾಚಿಕೆಯಿಲ್ಲದೆ ಕೂರಬಲ್ಲ, ಅವನ ಲೈಸೆನ್ಸು ಕಾರಿಗಷ್ಟೇ, ಇಷ್ಟು ಭಾರದ ಮನೆಗಾಡಿಗೆ ಲಾರಿಯವರ ಪರೀಕ್ಷೆಯೇ ಬೇಕು, ಅದನ್ನು ಪಾಸು ಮಾಡಿದವಳು ಅವಳು, ಚಳಿಗಾಲವಿಡೀ, ಆಲೂಗಡ್ಡೆ ಲಾರಿಯ ಹುಡುಗರ ನಡುವೆ ಒಬ್ಬಳೇ ಹೆಂಗಸಾಗಿ ಕೂತು, ಮೊದಲ ಸಲ ಫೇಲು, ಇರಲಿ, ಅದನ್ನು ಅಪ್ಪನಿಗೆ ಹೇಳಿಲ್ಲ, ಗಾಡಿ ಕೊಂಡು ತಂದ ದಿನ ಅವನು ಒಂದು ಸುತ್ತು ಬಂದ, ಟೈರಿಗೆ ಒಂದು ಒದೆ ಕೊಟ್ಟ, ಓಡಿಸೋದು ಯಾರು, ನಾನಪ್ಪ, ಇನ್ನೊಂದು ಟೈರಿಗೂ ಒದ್ದ, ಆಮೇಲೆ, ಯಾಕೆ, ಯೆಲ್ಮರ್‌ಗೆ ಕಣ್ಣು ಕಾಣ್ಸಲ್ವಾ?

ಕೀಲಿ ತಿರುಗಿಸಿದಳು, ಇಂಜಿನ್ನಿನ ಗುಡುಗು ಪಾದಕ್ಕೆ ಬಂತು, ದೋಣಿಯಲ್ಲೂ ಹೀಗೇ ಪಾದಕ್ಕೇ ಬರುತ್ತಿತ್ತು, ಅಪ್ಪನ ಮರಳು ಸಾಗಿಸುವ ದೋಣಿ, ಅವಳು ಹುಟ್ಟಿ ಬೆಳೆದದ್ದೇ ಅದರಲ್ಲಿ, ಚುಕ್ಕಾಣಿಯನ್ನು ಅಪ್ಪ ಆಗಾಗ ಅವಳ ತಮ್ಮನ ಕೈಗೆ ಕೊಡುತ್ತಿದ್ದ, ಅವಳ ಕೈಗೆ ಆಲೂಗಡ್ಡೆ ಹೆರೆಯುವ ಚಾಕು, ಅವಳು ಹೆರೆಯುತ್ತ ಅಪ್ಪನ ಕೈಗಳನ್ನೇ ನೋಡುತ್ತಿದ್ದಳು, ದಡದಲ್ಲಿ ನಿಂತು ಕೈ ಬೀಸುವ ಮಕ್ಕಳಿಗೆ, ಸೈಕಲ್ಲಿನ ಹುಡುಗಿಯರಿಗೆ, ಅವಳ ಅಜ್ಜಿಗೆ ಸಹ ಅವನು ಕೈ ಎತ್ತಿದ್ದಿಲ್ಲ, ಎದುರಿನಿಂದ ಇನ್ನೊಂದು ದೋಣಿ ಬಂದರೆ ಮಾತ್ರ ಒಂದು ಕೈ ಮೇಲೇಳುತ್ತಿತ್ತು, ಬೀಸುತ್ತಿರಲಿಲ್ಲ, ಸುಮ್ಮನೆ ಎತ್ತಿ ಹಿಡಿಯುತ್ತಿದ್ದ, ಆ ದೋಣಿ ದಾಟುವ ತನಕ, ಚುಕ್ಕಾಣಿ ಹಿಡಿದವನು ಚುಕ್ಕಾಣಿ ಹಿಡಿದವನಿಗೆ ಎತ್ತುವ ಕೈ, ಅದೊಂದು ತನಗೂ ಬೇಕು ಎಂದು ಅವಳು ಆಗ ಅಂದುಕೊಂಡದ್ದು, ಈಗ ಎರಡು ಮಕ್ಕಳ ತಾಯಿಯಾದರೂ ಅಂದುಕೊಳ್ಳುತ್ತಿರುವುದು, ಯೆಲ್ಮರ್‌ಗೆ ಕೂಡ ಹೇಳಿಲ್ಲ, ಹೇಳಿದರೆ ನಗುತ್ತಾನೆ — ಮುಂದೆ, ಮೆಲ್ಲಗೆ, ಎಡಕ್ಕೆ ಕಾಲುವೆ, ಬಲಕ್ಕೆ ನಿಲ್ಲಿಸಿದ ಕಾರುಗಳು, ಬೀದಿಯ ತುದಿಯಲ್ಲಿ ಎಡಕ್ಕೆ ಹೊರಳಿ ಸೇತುವೆ, ಇಕ್ಕಟ್ಟು ಸೇತುವೆ, ಅಲ್ಲಿ ಯಾವ ದೊಡ್ಡ ಗಾಡಿ ಬಂದರೂ ಅಪ್ಪ ಜೇಬಿನಿಂದ ಕೈ ತೆಗೆದು ಮುಂದೆ ಹೋಗಿ ನಿಲ್ಲುತ್ತಾನೆ, ಬಾ, ಬಾ, ನಿಲ್ಲು, ಎಡಕ್ಕೆ, ನನ್ನ ಎಡಕ್ಕಲ್ಲ ನಿನ್ನ ಎಡಕ್ಕೆ, ನಿನ್ನೆ ಕಾಫಿ ಕುಡಿಯುತ್ತ ಅಂದದ್ದು, ಸೇತುವೆ ಹತ್ರ ನಿಂತ್ಬಿಡ್ತೀಯ, ಆಮೇಲೆ ನನ್ನ ಕರೀತೀಯ, ಕರೆಯಲ್ಲ, ಸತ್ತರೂ ಕರೆಯಲ್ಲ, ಹಿಂದೆ ಏನೋ ಲೊಟಲೊಟ, ಪಾತ್ರೆಗಳಿರಬೇಕು, ಅಮ್ಮಾ ನಮ್ಮ ಗಾಡಿಗೆ ಬಾಲ ಬಂದಿದೆ, ಹಿಂದಿನಿಂದ ಮಗಳು ಫೆನ್ನಾ, ಹೌದಾ ಚಿನ್ನ, ಯಾವ ಬಣ್ಣದ್ದು, ಕಿತ್ತಳೆ, ನಂಗೂ ಬಾಲ ಬೇಕು, ಮಗ ಡೌವೆ ಅಳಲು ಶುರು, ಕನ್ನಡಿಯಲ್ಲಿ ಬೀದಿಗೆ ಬೀದಿಯೇ ಕೈ ಬೀಸುತ್ತಿದೆ, ಎಂಥ ಜನ, ಹಿಲ್ಚೆ ಚೌಕ ಬೀಸುತ್ತ ಕುಣಿಯುತ್ತಲೇ ಇದ್ದಾಳೆ, ಮತ್ತೆ ಅಪ್ಪ — ಅಪ್ಪನ ಜೇಬು ಖಾಲಿ, ಎರಡೂ ಕೈ ತಲೆಯ ಮೇಲೆ, ಎರಡನ್ನೂ ಬೀಸುತ್ತಿದ್ದಾನೆ, ಓಡಿ ಬರುತ್ತ ಬೀಸುತ್ತಿದ್ದಾನೆ, ಯಾರಿಗೂ ಬೀಸದವನು, ಅವಳು ಹಾರ್ನ್ ಒತ್ತಿದಳು, ಉದ್ದಕ್ಕೆ, ಇನ್ನೊಮ್ಮೆ, ಅವನು ಇನ್ನೂ ಜೋರಾಗಿ ಬೀಸಿದ, ನೋಡು ಯೆಲ್ಮರ್ ನನ್ನಪ್ಪನ್ನ ನೋಡು, ಯೆಲ್ಮರ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ, ಮಿಠಾಯಿ ನುಂಗಿದ, ನಿಂಕೆ, ಅವ್ರು ಬೀಸ್ತಿಲ್ಲ, ನಿಲ್ಸು ಅಂತಿದಾರೆ, ನಾವು ಕರೆಂಟಿನ ವೈರನ್ನ ಕಿತ್ಕೊಂಡು ಬಂದಿದೀವಿ.

ನಿಲ್ಲಿಸಿದಳು. ಸೇತುವೆಯ ಹತ್ತಿರ, ಸರಿಯಾಗಿ ಅವನು ಹೇಳಿದ್ದ ಜಾಗದಲ್ಲಿ. ಮನೆಯ ಗೋಡೆಯಿಂದ ಕಿತ್ತು ಬಂದ ಕಿತ್ತಳೆ ವೈರು, ಅದರ ಕುಣಿಕೆಯಲ್ಲಿ ಹಿಲ್ಚೆ ಗಿಡಗಳಿಗೆ ಹಾಕುವ ತಗಡಿನ ನೀರುಡಬ್ಬಿ, ಲೊಟಲೊಟ ಅದರದ್ದು, ಪಾತ್ರೆಗಳದ್ದಲ್ಲ, ಇಡೀ ಬೀದಿ ನೋಡಿದೆ, ಮುಂದಿನ ಕ್ರಿಸ್ಮಸ್ ತನಕ ಇದೇ ಮಾತು, ಕಿವಿ ಬಿಸಿಯಾಗಿದೆ, ಅವಳ ಕಿಟಕಿಯ ಕೆಳಗೆ ಏದುಸಿರು ಬಿಡುತ್ತ ಅಪ್ಪ, ಆ ಕೈಗಳು ವೈರನ್ನು ಸುರುಳಿ ಸುತ್ತುತ್ತಿವೆ, ಮೊಣಕೈಗೆ ಸುತ್ತುವುದಲ್ಲ, ದೋಣಿಯವರ ಹಾಗೆ, ಒಂದು ಸುತ್ತು ಒಳಗೆ ಒಂದು ಸುತ್ತು ಹೊರಗೆ, ಗಂಟಾಗದಂತೆ, ಹಗ್ಗ ಬಿಚ್ಚದೆ ದೋಣಿ ಬಿಟ್ಟೋರನ್ನ ನಾನು ಇವತ್ತೇ ನೋಡಿದ್ದು ಕಣಮ್ಮ, ಅಂದ, ಆಮೇಲೆ ಅವನೇ, ತಗ್ಗಿದ ದನಿಯಲ್ಲಿ, ಯೆಲ್ಮರ್‌ಗೂ ಕೇಳಿಸದಂತೆ, ಇವತ್ತೇ ಮೊದಲಲ್ಲ, ಇದು ಎರಡನೇ ಸಲ, ಮದುವೆಯಾದ ವರ್ಷ ನಾನೂ ಹಾಗೇ ಹೊರಟು ದೋಣಿ ಕಟ್ಟೋ ದಕ್ಕೆಯ ಗೂಟಾನೇ ಕಿತ್ಕೊಂಡು ಹೋಗಿದ್ದೆ, ನಿಮ್ಮಮ್ಮಂಗೆ ಮಾತ್ರ ಗೊತ್ತಿತ್ತು, ಎಂದು ವೈರಿನ ಸುರುಳಿಯನ್ನು ಕಿಟಕಿಯಿಂದ ಯೆಲ್ಮರನ ತೊಡೆಗೆ ದಾಟಿಸಿದ, ಈಗ ಮುಂದೆ ಹೋಗಿ ನಿಲ್ಲುತ್ತಾನೆ, ಬಾ, ಬಾ, ಎಡಕ್ಕೆ, ನಿನ್ನ ಎಡಕ್ಕೆ — ಹೋಗಲಿಲ್ಲ. ನೀರುಡಬ್ಬಿ ಎತ್ತಿಕೊಂಡು ಬೀದಿಯತ್ತ ತಿರುಗಿದ, ಒಂದೆರಡು ಹೆಜ್ಜೆ, ದಂಡೆಗೆ ಬಂದು ನಿಂತ, ಡಬ್ಬಿ ನೆಲದ ಮೇಲೆ, ಕೈಗಳು ಜೇಬಿಗೆ, ಮುಖ ಕಾಲುವೆಯ ಕಡೆಗೆ.

ಹೊರಳಿಸಿದಳು, ಅಗಲಕ್ಕೆ ತೆಗೆದುಕೊಂಡು, ಹಿಂದಿನ ಚಕ್ರವನ್ನು ಲೆಕ್ಕವಿಟ್ಟು, ಕಂಬಿಗೂ ಕನ್ನಡಿಗೂ ನಡುವೆ ಒಂದು ಕೈಯಗಲ, ಸಾಕು, ಹಲಗೆಗಳು ಗಡಗಡ ಅಂದವು, ಯೆಲ್ಮರ್ ಉಸಿರು ಬಿಟ್ಟಿದ್ದು ಈಗ, ದಾಟಿದೆ, ತಾನೇ ದಾಟಿಸಿದ್ದು, ಮತ್ತೆ ಎಡಕ್ಕೆ ಹೊರಳಿ ಆಚೆ ದಂಡೆಯ ರಸ್ತೆ, ಕಾಲುವೆ ಮತ್ತೆ ಎಡಕ್ಕೆ, ಅವಳ ಕಿಟಕಿಯ ಪಕ್ಕಕ್ಕೇ ಬಂತು, ತಮ್ಮದೇ ಬೀದಿ ನೀರಿನಾಚೆ ಎದುರಾಗಿ ಬರುತ್ತಿದೆ, ಜನ ಬೀಸುತ್ತಿದ್ದಾರೆ, ಚೌಕ ಬೀಸುತ್ತಿದೆ, ಅಮ್ಮಾ ಬಾಲ ಎಲ್ಲಿ ಹೋಯ್ತು, ಕನ್ನಡಿ ಬೇಕಿಲ್ಲ, ನೇರ ಕಾಣುತ್ತಿದೆ, ದಂಡೆಯ ತುದಿಯಲ್ಲಿ ಅಪ್ಪ, ಎಡಗೈ ಜೇಬಿನಲ್ಲಿ, ಬಲಗೈ ಇಲ್ಲ, ಜೇಬಿನಲ್ಲಿಲ್ಲ, ಮೇಲಿದೆ, ಬೀಸುತ್ತಿಲ್ಲ, ಅಮ್ಮಾ ಬಾಲ, ಅವಳೂ ಒಂದು ಕೈಯನ್ನು ಸ್ಟಿಯರಿಂಗಿನಿಂದ ಎತ್ತಿದಳು, ಬೀಸಲಿಲ್ಲ, ನೀರಿನಾಚೆ ಆ ಕೈ, ಗಾಡಿ ದಾಟುತ್ತಿದೆ, ಇನ್ನೂ ಇಳಿದಿಲ್ಲ, ಆ ಕೈ