ರೆಕ್ಕೆಯಿದ್ದ ಜೀರುಂಡೆಗಳು

ಅವಳು ಲೋಟ ಎತ್ತಿದ್ದೇ ತಡ, ಎಲ್ಲರ ದನಿ ಅಣಕಿಸಿ 'ರೇಡಿಯೋ' ಎನಿಸಿಕೊಂಡಿದ್ದ ಅವಳ ಸಹೋದ್ಯೋಗಿ ಬಿತ್ತರಿಸತೊಡಗಿದ. ಮೂಗಿನಲ್ಲೇ ಮಾತಾಡುವ ಮೇಲಧಿಕಾರಿಯ ದನಿ: "ಏನ್ರೀ, ಹುಳುಕು ಹುಡುಕೋ ನಿಮಗೆ ಕೊನೆಗೂ ಹುಳಾನೇ ಸಿಕ್ತಲ್ರೀ!"

ನೆಲಮಟ್ಟಕ್ಕೆ ಹೂತಿಟ್ಟ ಪ್ಲಾಸ್ಟಿಕ್ ಲೋಟದ ತುಂಬ ಜಾರಿಬಿದ್ದ ನೆಲಜೀರುಂಡೆಗಳು, ಪಾಲಿಶ್ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿದ್ದವು. ಗಣಿಯವರು ಸೀಸದ ಕೆಸರು ಸುರಿದು ಹೋಗಿದ್ದ ದಿಬ್ಬ ಅದು. ಮೇಲೆ ಹೊಸ ಮಣ್ಣು ಹಾಸಿ ಹುಲ್ಲು ಬೆಳೆಸಿ ವರ್ಷಗಳಾಗಿದ್ದವು. ಮಣ್ಣಿನ ಪರೀಕ್ಷೆ ಮೇಲ್ಪದರದ ಮಾತಷ್ಟೇ ಹೇಳುತ್ತದೆ. ಮಣ್ಣೊಳಗೇ ಮೊಟ್ಟೆಯೊಡೆದು ಬೆಳೆಯುವ ಹುಳ ಒಳಗಿನದನ್ನೂ ಹೇಳುತ್ತದೆ. ಹುಳ ಮರಳಿದರೆ ದಿಬ್ಬದ ಬುಡದಲ್ಲಿ ಖಾಲಿ ಮಾಡಿಸಿದ್ದ ಮನೆಗಳಿಗೆ ಜನರೂ ಮರಳಬಹುದು.

ಅವುಗಳಲ್ಲೊಂದು ಮನೆ ಅವಳ ಅಕ್ಕನದು. ಅಕ್ಕನ ದೊಡ್ಡ ಮಗ ಅಲ್ಲಿನ ಅಂಗಳದಲ್ಲಿ ಆಡಿ, ರಕ್ತಕ್ಕೆ ಸೀಸ ಸೇರಿ, ಇವತ್ತಿಗೂ ಮಾತಿಗೆ ತಡಕಾಡುತ್ತಾನೆ. ಚಿಕ್ಕದು ಈಗಷ್ಟೇ ಅಂಬೆಗಾಲಿಡುತ್ತಿದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. "ಲೋಟ ತುಂಬ್ತಾ ಇದೆ ಅಕ್ಕಾ, ಬಂದ್ಬಿಡಿ" ಎಂದು ಫೋನು ಮಾಡಿದ್ದವಳು ಇವಳೇ. ಭಾವ ಬೆಳಗ್ಗೆಯೇ ಸಾಮಾನು ಲಾರಿಗೇರಿಸಿದ್ದರು.

ಶೆಡ್ಡಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದು ಜೀರುಂಡೆಯ ಬೆನ್ನಿನ ಗಟ್ಟಿ ಹೊದಿಕೆ ಎತ್ತಿದಳು. ಅಡಿಯಲ್ಲಿ ಹಾರುವ ರೆಕ್ಕೆ. ಇನ್ನೊಂದನ್ನು ಎತ್ತಿದಳು. ರೆಕ್ಕೆ. ಮತ್ತೊಂದಕ್ಕೂ ರೆಕ್ಕೆ. ಈ ಮಣ್ಣಲ್ಲೇ ಬದುಕುವುದಾದರೆ ರೆಕ್ಕೆಯಿಲ್ಲದೆ ನಡೆದೇ ಬರುವ ಜಾತಿಯದು ಒಂದಾದರೂ ಬೇಕಲ್ಲ! ಮರಿಹುಳವಾದರೂ? ಒಂದೂ ಇಲ್ಲ.

"ಇವೆಲ್ಲ ಹಾರ್ಕೊಂಡು ಬಂದಿರೋವು ಕಣೋ."

"ಹಾರ್ಕೊಂಡೋ ಬಸ್ ಹತ್ಕೊಂಡೋ, ಬಂದ್ವಲ್ಲ ತಾಯಿ!" ಎಂದ ರೇಡಿಯೋ, ಅದೇ ಮೂಗಿನ ದನಿಯಲ್ಲಿ.

"ಬಂದಿದ್ದು ಮಣ್ಣಿಗಲ್ಲ. ದೀಪಕ್ಕೆ."

ನಾಯಿಗಳು ಲೋಟ ಕಿತ್ತೆಸೆಯುತ್ತವೆಂದು ಕಾವಲುಗಾರನನ್ನು ಕಾಡಿಬೇಡಿ, ಲೋಟಗಳ ಸಾಲಿನ ನೆತ್ತಿಗೇ ದೊಡ್ಡ ದೀಪ ಕಟ್ಟಿಸಿದ್ದವಳು ಅವಳೇ. ಆಚೆಯ ಕಾಡಿನ ಹುಳಗಳೆಲ್ಲ ಬೆಳಕಿಗೆ ಮರುಳಾಗಿ ಬಂದು ಬಿದ್ದಿದ್ದವು.

ಬೆಳಕು ತಾಕದ ಹಿಂಬದಿಯ ಇಳಿಜಾರಿನಲ್ಲೂ ಕೆಲವು ಲೋಟಗಳಿದ್ದವು. ಇಬ್ಬರೂ ಬಿದ್ದೆದ್ದು ಓಡಿದರು. ಮೊದಲನೆಯದರಲ್ಲಿ ತಿಳಿನೀರು, ಒಂದು ಸತ್ತ ಇರುವೆ. ಉಳಿದವುಗಳಲ್ಲಿ ಇರುವೆಯೂ ಇಲ್ಲ.

ಅವಳು ಮಾಡಿದ ಕರೆಗೆ ಅಕ್ಕನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ಅವಳು ದಿಬ್ಬ ಇಳಿದಳೋ ಉರುಳಿದಳೋ, ಅಕ್ಕನ ಮನೆಯ ಗೇಟಿನ ಮುಂದೆ ಲಾರಿ ಆಗಲೇ ನಿಂತಿತ್ತು.

"ಬನ್ನಿ ಬನ್ನಿ, ಹುಳದ ಡಾಕ್ಟ್ರೇ!" ಹಾಸಿಗೆ ಹೊತ್ತಿದ್ದ ಭಾವ ನಕ್ಕರು.

"ಪುಟ್ಟಿ ಎಲ್ಲಿ ಭಾವ?"

"ಹಿತ್ತಲಲ್ಲಿ, ಅವರಣ್ಣನ ಜೊತೆ ಆಡ್ಕೊಂಡಿದೆ."

ಅಣ್ಣನ ಪಕ್ಕ ಮಗು ಕಾಲು ಚಾಚಿ ಕೂತಿತ್ತು. ಒದ್ದೆ ಮುಷ್ಟಿಯಲ್ಲಿ ಮಣ್ಣು, ತುಟಿಯಂಚಿನಲ್ಲೂ ಮಣ್ಣು. ಅವಳು ಬೆರಳು ತೂರಿಸಿ ಅದರ ಬಾಯೊಳಗಿನ ಮಣ್ಣು ಬಳಿದು ತೆಗೆದಳು. ಮಗು ಕಚ್ಚಿ, ಊರೆದ್ದು ಬರುವಂತೆ ಕಿರುಚಿತು.

"ಅಯ್ಯೋ, ಏನೇ ಇದು!" ಅಕ್ಕ ಓಡಿಬಂದಳು.

"ಲಾರಿ ಹತ್ತು ಅಕ್ಕಾ. ಈಗಲೇ."

"ನೀನೇ ಅಲ್ವೇನೇ ಬನ್ನಿ ಅಂದಿದ್ದು?"

"ನಾನೇ. ಹುಳ ವಾಪಸ್ ಬಂದಿಲ್ಲ ಅಕ್ಕಾ. ನಾನು ಹಾಕಿಸಿದ ದೀಪಕ್ಕೆ ಬಂದಿದ್ವು."

ಬೈಗುಳಕ್ಕೆ ಅವಳು ಮೈ ಗಟ್ಟಿ ಮಾಡಿಕೊಂಡಳು. ಬೈಗುಳ ಬರಲಿಲ್ಲ. ಅಕ್ಕ ಸೆರಗಿನಿಂದ ಮಗುವಿನ ನಾಲಗೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಎಷ್ಟು ತಿಂದಿದೆಯೋ..." ಎಂದಳು.

ಭಾವ ಹಾಸಿಗೆಯನ್ನು ಮತ್ತೆ ಲಾರಿಗೆಸೆದು, "ಆಸ್ಪತ್ರೆಗೆ ಹೋಗೋಣ, ರಕ್ತ ನೋಡ್ಲಿ" ಎಂದು ಎಲ್ಲರನ್ನೂ ಹತ್ತಿಸಿಕೊಂಡು ಗಾಡಿ ಚಾಲೂ ಮಾಡಿದರು. ಅತ್ತು ಸುಸ್ತಾದ ಮಗು ಅಕ್ಕನ ಮಡಿಲಲ್ಲಿ ನಿದ್ದೆಹೋಯಿತು. ನಿದ್ದೆಯಲ್ಲೂ ಅದರ ಹೆಬ್ಬೆರಳು ಬಾಯಿ ಹುಡುಕಿ ಹೊರಟಿತು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಅವಳು ಆ ಪುಟ್ಟ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಸ್ಪತ್ರೆ ಬರುವ ತನಕ ಬಿಡಲಿಲ್ಲ.