ಅಲಸಂದೆ ತಿನ್ನೋಳು

ಸಿತಾನ್ ದಿಯಾರಾಗೆ ಆಡಿಸ್ ಅಬಾಬಾದಲ್ಲಿ ದೊಡ್ಡ ಹುದ್ದೆ ಸಿಕ್ಕಿತೆಂದು ಕೇಳಿ ಯಾಕೂಬಾ ತ್ರಾವೊರೆಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಬಮಾಕೊದ ಕೃಷಿ ಅರ್ಥಶಾಸ್ತ್ರ ಸಂಸ್ಥೆಗೆ ಇಬ್ಬರೂ ಒಂದೇ ವರ್ಷ ಸೇರಿದವರು. ಹವಾಮಾನದ ಹೆಸರಿನಲ್ಲಿ ಆಫ್ರಿಕಾಕ್ಕೆ ಬರುವ ನೆರವಿನ ಹಣ ಯಾರಿಗೆ ಹೋಗಬೇಕೆಂದು ಇನ್ನು ಮುಂದೆ ಹೇಳುವವಳು ಅವಳು. ಅವಳ ಬೀಳ್ಕೊಡುಗೆಗೆ ಕುರ್ಚಿ ಹಾಕಿಸುವವನು ಇವನು.

ಅದೂ ಯಾರ ವಿಚಾರದಿಂದ? ಮಳೆ ಕೈಕೊಟ್ಟ ವರ್ಷ ಊರು ಉಳಿಸುವವನು ಗಡಿಯಾಚೆಯಿಂದ ಜೋಳ ತರುವ ವ್ಯಾಪಾರಿ, ಆ ಹಣ ಅವನಿಗೂ ಸಿಗಬೇಕು ಎಂದು ಸಿಕಾಸೊ ಊರಿನ ದಾರಿಯಲ್ಲಿ ಟೀ ಕುಡಿಯುತ್ತ ಮೊದಲು ಹೇಳಿದವನು ಯಾಕೂಬಾ. ಹೇಳಿದ, ಟೀ ಮುಗಿಸಿದ, ಬಂದು ಫ್ಯಾನಿನ ಕೆಳಗೆ ಕೂತ. ಅವಳು ಲಾರಿ ಹತ್ತಿ ಸಂತೆ ಸಂತೆ ಅಲೆದು ಅರ್ಧ ಆಯುಷ್ಯ ಅದಕ್ಕೇ ಸುರಿದಳು. ಇದು ಮಾತ್ರ ಯಾಕೋ ಅವನಿಗೆ ನೆನಪಾಗುತ್ತಿರಲಿಲ್ಲ.

ಹಾಗಾಗಿ, ಹುದ್ದೆ ಕೊಡುವ ಮೊದಲು ಆಡಿಸ್‌ನವರು ಫೋನ್ ಮಾಡಿ ಅವಳ ಬಗ್ಗೆ ಅಭಿಪ್ರಾಯ ಕೇಳಿದ್ದಾಗ ಅವನು ನಾಲಿಗೆ ಬಿಗಿಹಿಡಿದಿರಲಿಲ್ಲ.

"ಅವಳಿಗೆ ಏನೂ ಬರಲ್ಲ. ಆ ವಿಚಾರ ನಂದು, ಕದ್ದಿದ್ದಾಳೆ. ತಗೊಂಡ್ರೆ ಕೆಡ್ತೀರಿ."

ಅವತ್ತು ಊಟ ರುಚಿಸಿತ್ತು. ಆದರೂ ಕೆಲಸ ಅವಳಿಗೇ ಸಿಕ್ಕಿತು.

ಬೀಳ್ಕೊಡುಗೆಯ ದಿನ ಅಂಗಳದ ಮಾವಿನ ಮರದಡಿ ಎಲ್ಲರೂ ಸೇರಿದರು.

"ಬಂದ್ಯಾ, ಅಲಸಂದೆ ತಿನ್ನೋಳೇ?" ಯಾಕೂಬಾ ಕೂಗಿದ.

"ಕುರ್ಚಿ ಒರೆಸೋ, ನನ್ನ ಗುಲಾಮ!"

ಎಲ್ಲರೂ ನಕ್ಕರು. ತ್ರಾವೊರೆ ಮನೆತನಕ್ಕೂ ದಿಯಾರಾ ಮನೆತನಕ್ಕೂ ಅಲಸಂದೆ ತಿನ್ನೋರು, ಗುಲಾಮರು ಎಂದು ಹಂಗಿಸಿಕೊಳ್ಳುವ ತಲೆತಲಾಂತರದ ಬೈಗುಳದ ನಂಟು. ಎದುರಾದರೆ ಬೈಯಬೇಕು, ಬೈಸಿಕೊಂಡವರು ನಗಬೇಕು, ಸಿಟ್ಟಾದವರೇ ಕೆಟ್ಟವರು.

ಸಿತಾನ್ ಮಾತಿಗೆ ನಿಂತಳು. "ಆಡಿಸ್‌ನವರು ನಿನ್ನ ಬಗ್ಗೆ ಯಾರನ್ನ ಕೇಳೋಣ ಅಂದ್ರು. ಯಾಕೂಬಾನ್ನ ಕೇಳಿ, ನನ್ನ ಬೈಗುಳದ ನೆಂಟ, ಎಷ್ಟು ಬೈತಾನೋ ಅಷ್ಟು ಪ್ರೀತಿ ಅಂತ ತಿಳ್ಕೊಳ್ಳಿ ಅಂದೆ. ಆಮೇಲೆ ಫೋನ್ ಮಾಡಿ ಬಿದ್ದು ಬಿದ್ದು ನಕ್ಕರು. ಅಬ್ಬಾ, ಇಷ್ಟೊಂದು ಪ್ರೀತಿನಾ ಅಂದ್ರು!"

ಅಂಗಳವೆಲ್ಲ ಚಪ್ಪಾಳೆ. ಪಕ್ಕದವನು ಯಾಕೂಬಾನ ಬೆನ್ನು ತಟ್ಟಿದ. ಯಾಕೂಬಾನೂ ನಕ್ಕ, ನಗಲೇಬೇಕಿತ್ತು. ಕೆಡಿಸಲು ಹೋಗಿ ತಾನೇ ಕೆಲಸ ಕೊಡಿಸಿದ್ದ.

ಅವಳು ಟೀ ಲೋಟ ಹಿಡಿದು ಅವನ ಬಳಿ ಬಂದಳು. ದನಿ ತಗ್ಗಿಸಿದಳು.

"ಒಂದು ಮಾತು ಮಾತ್ರ ಅವರಿಗೆ ತಿದ್ದಿ ಹೇಳ್ದೆ ಕಣೋ. ವಿಚಾರ ನಿಂದು ಅಂದಿದ್ದೆಯಂತೆ. ಅದು ತಮಾಷೆ ಅಲ್ಲ, ನಿಜಾನೇ, ಮೊದಲು ಹೇಳಿದ್ದು ಅವನೇ ಅಂದೆ. ಅಲ್ಲಿ ನನ್ನ ಮೊದಲ ಭಾಷಣದಲ್ಲೂ ಹೇಳ್ತೀನಿ."

ಯಾಕೂಬಾ ಕೇಳಿದ, "ಉಳಿದದ್ದು?"

"ಉಳಿದದ್ದು ಬೈಗುಳ," ಎಂದಳು. ಈಗ ಅವಳು ನಗುತ್ತಿರಲಿಲ್ಲ. "ಅಲ್ವಾ?"

"ಹೌದು ಕಣೇ... ಅಲಸಂದೆ ತಿನ್ನೋಳೇ."

ಅವಳು ಲೋಟ ಅವನ ಕೈಗಿಟ್ಟು ಬೇರೆಯವರತ್ತ ಹೋದಳು. ಇಷ್ಟು ವರ್ಷ ಯಾವ ಮಾತಿಗಾಗಿ ಅವನು ಬೇಯುತ್ತಿದ್ದನೋ ಅದನ್ನು ಟೀ ಕೊಟ್ಟಷ್ಟೇ ಸಲೀಸಾಗಿ ಕೊಟ್ಟು ಹೋಗಿದ್ದಳು. ಹಾಗೆ ಕೊಡುವುದು ತನಗೆ ಬರುವುದಿಲ್ಲವಲ್ಲ ಎಂದು ಯಾಕೂಬಾನಿಗೆ ಅದಕ್ಕೂ ಹೊಟ್ಟೆ ಉರಿಯಿತು.