ಐದೂವರೆ ಜವರಯ್ಯ

ಹಂಡೆಯ ನೀರಿಗೆ ಬೆರಳು ಅದ್ದಿ ನೋಡಿದ ನಂಜಪ್ಪ ಒಲೆಗೆ ಇನ್ನೆರಡು ತೆಂಗಿನ ಮಟ್ಟೆ ತುರುಕಿದ. ಹೆಣ ತೊಳೆಯುವ ನೀರಿಗೆ ಇಷ್ಟೊಂದು ಉಪಚಾರ ಯಾಕೆಂದು ಟೀ ಅಂಗಡಿಯ ಚಿಕ್ಕಸ್ವಾಮಿಗೆ ಅರ್ಥವಾಗಲಿಲ್ಲ.

“ಸತ್ತೋರ್ಗೆ ಬಿಸಿಯಾದ್ರೇನ್ಲಾ, ತಣ್ಣಗಾದ್ರೇನ್ಲಾ? ಇಳ್ಸು ಅತ್ಲಾಗೆ.”

“ಕಾಯ್ಲಿ ಬುಡು. ಸುನಿತಾ ಬಂದ್ಮೇಲೆ ತಾನೆ ತೊಳ್ಯೋದು? ಕೆ.ಆರ್. ಪೇಟೆ ಬಸ್ಸೇ ಇನ್ನೂ ಬಂದಿಲ್ಲ.”

ಜವರಯ್ಯ ಸತ್ತದ್ದು ನಸುಕಿನಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಯಾರಿಗೂ ತೊಂದರೆ ಕೊಡದೆ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿದ್ದ ಮಗ ಸಿದ್ದರಾಜು ಮೊದಲ ಬಸ್ಸಿಗೇ ಬಂದಿದ್ದ. ಮಗಳು ಸುನಿತಾ ಬರುವ ತನಕ ಯಾರಿಗೂ ಕೆಲಸವಿರಲಿಲ್ಲ. ಜಗಲಿಯ ಮೇಲೆ ಟವೆಲ್ಲು ಹೊದ್ದು ಕೂತವರು ಅತ್ತು ಮುಗಿಸಿ, ಬೀಡಿ ಸೇದಿ ಮುಗಿಸಿ, ಕೊನೆಗೆ ಚಳಿಯ ಮಾತಿಗೆ ಬಂದರು. ಜನವರಿಯ ನಾಗಮಂಗಲ ಸೀಮೆಯಲ್ಲಿ ಅದಕ್ಕಿಂತ ಹತ್ತಿರದ ಮಾತು ಬೇರೆ ಸಿಗುವುದಿಲ್ಲ.

“ಈ ಸಲ ವಸಿ ಜಾಸ್ತಿನೇ ಕಣ್ರಪ್ಪ,” ಎಂದ ಒಬ್ಬ.

“ಎಪ್ಪತ್ತನೇ ಇಸ್ವೀದು ನೀನ್ ಕಂಡಿಲ್ಲ, ಅದ್ಕೆ ಅಂಗಂತೀಯ,” ಎಂದ ಚಿಕ್ಕಸ್ವಾಮಿ. “ಅವರೆ ಹೂವೆಲ್ಲ ಸುಟ್ಟಂಗೆ ಕರ್ರಗಾಗೋಗಿತ್ತು. ನಮ್ ಕೊಟ್ಗೇಲಿ ಎಲ್ಡು ಕರ ಸೆಟ್ಕೊಂಡ್ ಸತ್ವು.”

“ಎಷ್ಟಿತ್ತಂತೆ ಚಳಿ?”

ಚಿಕ್ಕಸ್ವಾಮಿ ಒಳಗೆ ಮಲಗಿಸಿದ್ದ ಹೆಣದ ಕಡೆ ಕಣ್ಣು ಮಾಡಿ, “ಇನ್ನೆಷ್ಟು? ಐದೂವರೆ!” ಎಂದ. ಸಾವಿನ ಮನೆ ಎಂದು ಎಲ್ಲರೂ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಸಿದ್ದರಾಜು ಎದ್ದು ಹಿತ್ತಲಿನ ಒಲೆಯ ಹತ್ತಿರ, ಸೋದರಮಾವ ನಂಜಪ್ಪನ ಪಕ್ಕ ಬಂದು ಕೂತ. ಸ್ಕೂಲಿನಲ್ಲಿ ಅವನನ್ನು ಐದೂವರೆ ಮಗ ಎಂದೇ ಕರೆಯುತ್ತಿದ್ದರು.

“ಮಣ್ಣಾಕೋಗಂಟನಾದ್ರೂ ಅವ್ರಿಗೆ ಸುಮ್ನಿರಕ್ ಹೇಳು ಮಾವ. ಸತ್ತ ದಿನಾನೂ ನಮ್ಮಪ್ಪ ಸುಳ್ಳುಗಾರನೇ ಆಗಿರ್ಬೇಕಾ?”

ನಂಜಪ್ಪ ಒಲೆಯ ಕೆಂಡ ಕೆದಕಿದ. ಆ ಹೆಸರನ್ನು ಇಟ್ಟವನೇ ಅವನು.

* * *

ಊರವರು ಮಳೆ ಆಫೀಸು ಎನ್ನುತ್ತಿದ್ದ ಊರಾಚೆಯ ಹವಾಮಾನ ಕೇಂದ್ರದಲ್ಲಿ ಜವರಯ್ಯ ಕೆಲಸಕ್ಕಿದ್ದ. ತಂತಿಬೇಲಿಯೊಳಗೆ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರು. ರಾತ್ರಿಯ ಚಳಿ ಎಲ್ಲಿಯವರೆಗೆ ಇಳಿದಿತ್ತೋ ಅಲ್ಲಿಗೆ ಅದರೊಳಗಿನ ಕಪ್ಪು ಕಡ್ಡಿ ನಿಂತಿರುತ್ತಿತ್ತು. ಬೆಳಿಗ್ಗೆ ಅದನ್ನು ಓದಿ, ಪುಸ್ತಕದಲ್ಲಿ ಬರೆದು, ಕೊಳವೆಯನ್ನು ವಾಲಿಸಿ ಕಡ್ಡಿಯನ್ನು ಹಿಂದಕ್ಕೆ ತರಬೇಕು. ವಾಲಿಸಿದ ಮೇಲೆ ರಾತ್ರಿಯ ಚಳಿಗೆ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನು ಜವರಯ್ಯ ಉಡಿದಾರಕ್ಕೇ ಕಟ್ಟಿಕೊಂಡಿದ್ದ. ಅವನ ಗತ್ತು ಅಷ್ಟಿತ್ತು.

ಎಪ್ಪತ್ತರ ಆ ಬೆಳಿಗ್ಗೆ ನಂಜಪ್ಪ ಬೇಲಿ ನುಸುಳಿ ಒಳಗೆ ಹುಲ್ಲು ಕೊಯ್ಯುತ್ತಿದ್ದ. ಹಿಂದಿನ ತಿಂಗಳು ಯಾರದೋ ಹಸು ನುಗ್ಗಿ ಮಳೆ ಅಳೆಯುವ ಡಬ್ಬವನ್ನು ಉರುಳಿಸಿತ್ತು. ಇನ್ನು ಬೇಲಿಯೊಳಗೆ ಯಾರು ಸಿಕ್ಕರೂ ಪೊಲೀಸಿಗೆ ಕೊಡುತ್ತೇನೆಂದು ಆಫೀಸಿನ ಸಾಹೇಬರು ಡಂಗುರ ಹೊಡೆಸಿದ್ದರು. ಆದರೆ ಊರಲ್ಲೆಲ್ಲೂ ಇಲ್ಲದ ಹಸಿರು ಹುಲ್ಲು ಅಲ್ಲೇ ಇತ್ತು, ನಂಜಪ್ಪನ ಹಸುವೂ ಆಗತಾನೆ ಕರು ಹಾಕಿತ್ತು. ಹುಲ್ಲಿನ ಮೇಲೆ ಬೆಳ್ಳಗೆ ಉಪ್ಪು ಎರಚಿದಂತಿತ್ತು. ಕುಡುಗೋಲು ಹಿಡಿದ ಕೈ ಮರಗಟ್ಟಿತ್ತು.

“ಲೇ ನಂಜ! ಹುಲ್ಲು ಆಮೇಲ್ ಕುಯ್ಯೀವಂತೆ. ಬಾರ್ಲಾ ಇಲ್ಲಿ, ನೋಡ್ಬಾ!”

ಬೈಯಬೇಕಾದವನು ಕುಣಿಯುತ್ತಿದ್ದ. ನಂಜಪ್ಪ ಹೋಗಿ ಪೆಟ್ಟಿಗೆಯೊಳಗೆ ಇಣುಕಿದ. ಕಡ್ಡಿಯ ತುದಿ ಐದು ಡಿಗ್ರಿಯ ಗೆರೆ ದಾಟಿ ಅರ್ಧಕ್ಕೆ ನಿಂತಿತ್ತು.

“ಐದೂವರೆ! ಇಷ್ಟು ವರ್ಸದಲ್ಲಿ ಏಳರ ಕೆಳೀಕೆ ಇಳ್ದಿದ್ದೇ ಇಲ್ಲ ಕಣ್ಲಾ. ನಂ ಕಾಲ್ದಲ್ಲಿ ನಾವೇ ಕಂಡ್ವಲ್ಲ!” ಎಂದ ಜವರಯ್ಯ. ಆಮೇಲೆ ಬರೆದುಕೊಂಡು, ನಿಯಮದಂತೆ ಕೊಳವೆಯನ್ನು ವಾಲಿಸಿದ.

ಹತ್ತು ಗಂಟೆಗೆ ಬಂದ ಸಾಹೇಬರು ಪುಸ್ತಕ ನೋಡಿ, “ಕುಡ್ದಿದ್ದೇನಯ್ಯ? ಇದೇನು ಕಾಶ್ಮೀರವಾ?” ಎಂದರು. ಗೇಟಿನಾಚೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ನಂಜಪ್ಪನನ್ನು ಕೂಗಿ, “ನೀನೇನಾದ್ರೂ ನೋಡಿದ್ಯಾ?” ಎಂದು ಕೇಳಿದರು.

“ನಾನ್ಯಾಕೆ ಸ್ವಾಮಿ ಒಳೀಕೆ ಬರ್ಲಿ?”

ಜವರಯ್ಯ ಅವನ ಮುಖವನ್ನೊಮ್ಮೆ, ಹುಲ್ಲಿನ ಹೊರೆಯನ್ನೊಮ್ಮೆ ನೋಡಿದ. “ಯಾರೂ ಇರ್ನಿಲ್ಲ ಸಾರ್. ನಾನೊಬ್ನೇ ಇದ್ದೆ,” ಎಂದ.

ಸಾಹೇಬರು ಕೆಂಪು ಶಾಯಿಯಲ್ಲಿ ಅಂಕಿ ಹೊಡೆದುಹಾಕಿ ಒಂಬತ್ತೂವರೆ ಎಂದು ಬರೆದರು. ವಾರದೊಳಗೆ ಬೀಗದ ಕೈ ಇನ್ನೊಬ್ಬನಿಗೆ ಹೋಯಿತು. ಜವರಯ್ಯ ರಿಟೈರಾಗುವ ತನಕ ಗೇಟು ಕಾದ. ಯಾರಾದರೂ ತನ್ನ ಮೇಲೆ ಅನುಮಾನಪಟ್ಟು ಬಾಯಿ ತೆಗೆಯುವ ಮುಂಚೆ ತಾನೇ ತೆಗೆಯಬೇಕೆನ್ನುವ ದಿಗಿಲಿನಲ್ಲಿ ನಂಜಪ್ಪ ಚಿಕ್ಕಸ್ವಾಮಿಯ ಅಂಗಡಿಯಲ್ಲಿ, “ಏನ್ ಐದೂವರೆ ಬಾವ, ಟೀ ಬಿಸಿ ಐತಾ?” ಎಂದುಬಿಟ್ಟ. ಭಾವ-ಭಾಮೈದರ ನಡುವೆ ಇಂಥದ್ದು ನಡೆಯುತ್ತದೆ ಎಂದು ಎಲ್ಲರೂ ನಕ್ಕರು. ಜವರಯ್ಯನೂ ನಕ್ಕ. ಇಪ್ಪತ್ತಾರು ವರ್ಷ ಆ ನಗುವನ್ನು ಬತ್ತಲು ಬಿಡದೆ ನೋಡಿಕೊಂಡವನು ನಂಜಪ್ಪನೇ.

* * *

ಹನ್ನೊಂದಕ್ಕೆ ಸುನಿತಾ ಬಂದಳು. ಮತ್ತೊಂದು ಸುತ್ತು ಅಳು ಆಯಿತು. ಹೆಣ ತೊಳೆಯಲು ಕೊಡಪಾನಕ್ಕೆ ನೀರು ತುಂಬಿಕೊಳ್ಳಲು ಜವರಯ್ಯನ ಹೆಂಡತಿ ಮಾಯಮ್ಮ ಹಿತ್ತಲಿಗೆ ಬಂದಾಗ ನಂಜಪ್ಪ ಒಲೆಯ ಮುಂದೆಯೇ ಇದ್ದ.

“ಮಾಯಕ್ಕ, ಒಂದ್ ಮಾತು. ಅವತ್ತು ನಾನೂ ನೋಡಿದ್ದೆ. ಐದೂವರೇನೇ ಇತ್ತು.”

ಮಾಯಮ್ಮ ಕೊಡಪಾನವನ್ನು ಕೆಳಗಿಡಲೂ ಇಲ್ಲ.

“ಗೊತ್ತು ಕಣಪ್ಪ. ಅವತ್ತೇ ಸಂಜೇಕೇ ಹೇಳುದ್ರು. ಅವ್ನೆಸ್ರು ಹೇಳ್ಬುಟ್ರೆ ಪೋಲೀಸ್ನೋರು ಎಳ್ಕಂಡೋಯ್ತಾರೆ, ಎಳೆ ಬಾಣಂತಿ ಹಸ ಐತೆ ಮನೇಲಿ ಅಂದ್ರು.”

“ನಿಂಗೆ ಗೊತ್ತಿತ್ತಾ? ಇಷ್ಟ್ ದಿನ ನನ್ ಎಲೆಗೆ ಅನ್ನ ಬಡ್ಸಿದ್ಯಲ್ಲ ಅಕ್ಕ.”

“ಇನ್ನೇನ್ ಮಾಡ್ಲಿ? ನೀನೇ ಇವತ್ತಲ್ಲ ನಾಳೆ ಹೇಳ್ತೀಯ ಅಂತ ಅವ್ರೂ ಕಾದ್ರು. ನಂಗೂ ಕಾದು ಸಾಕಾಗೋಯ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. “ನನ್ತಾವ್ ಹೇಳಿ ಏನ್ ಬಂತು? ಮಣ್ಣಾಕೋಕೆ ಮೊದ್ಲು ಆ ಜನದ್ ಮುಂದೆ ಹೇಳು. ನನ್ ಮಗ ಕೇಳುಸ್ಕೊಳ್ಳಲಿ.”

ನಾಚಿಕೆಯಿಂದ ನಂಜಪ್ಪನಿಗೆ ತಲೆ ಎತ್ತಲಾಗಲಿಲ್ಲ. ಹೇಳುತ್ತೇನೆ ಎಂದು ಕೈ ಮುಗಿದ.

* * *

ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಹೆಂಗಸರು ಹುಣಸೆಮರದ ಹತ್ತಿರವೇ ನಿಂತರು. ದೇಹವನ್ನು ಒಳಗಿಳಿಸಿದ ಮೇಲೆ ಸಿದ್ದರಾಜು ಮೊದಲ ಹಿಡಿ ಮಣ್ಣು ಹಾಕಿದ. ಎರಡನೆಯವನಾಗಿ ನಂಜಪ್ಪ ಮುಂದೆ ಬಂದ, ಮಣ್ಣು ತೆಗೆದುಕೊಂಡ, ಆದರೆ ಹಾಕಲಿಲ್ಲ.

“ಒಂದ್ ನಿಮ್ಸ ಇರ್ರಪ್ಪ. ನನ್ ಬಾವ ಸುಳ್ಳೇಳ್ನಿಲ್ಲ. ಅವತ್ತು ದಿಟವಾಗ್ಲೂ ಐದೂವರೆ ಇತ್ತು. ನನ್ ಕಣ್ಣಾರೆ ನೋಡಿವ್ನಿ.”

ಮೊದಲು ಚಿಕ್ಕಸ್ವಾಮಿಯ ಹೆಗಲು ಕುಲುಕಿತು. ಆಮೇಲೆ ಅವನ ಪಕ್ಕದವನು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ನಗು ಗುಂಡಿಯ ಸುತ್ತ ಒಮ್ಮೆಲೇ ಒಡೆಯಿತು.

“ಗುಂಡೀಲಿ ಮಲ್ಗಿರೋನ್ನೂ ಬುಡ್ಲಿಲ್ವಲ್ಲೋ!” ಚಿಕ್ಕಸ್ವಾಮಿ ಕಣ್ಣೊರೆಸಿಕೊಂಡ. “ಬಾಮೈದ ಅಂದ್ರೆ ನಿನ್ನಂಗಿರ್ಬೇಕು ಕಣ್ಲಾ!”

“ತಮಾಸೆ ಅಲ್ಲ ಕಣ್ರೋ! ಹುಲ್ಲು ಕುಯ್ಯಕ್ ಹೋಗಿದ್ದೆ, ಕರ್ದು ತೋರ್ಸಿದ್ದ!”

ನಗು ಇನ್ನೂ ಜೋರಾಯಿತು. ಸಿದ್ದರಾಜುವಿನ ಮುಖ ಕಪ್ಪಿಟ್ಟಿತು. ಅವನು ನಂಜಪ್ಪನ ರಟ್ಟೆ ಹಿಡಿದು ಗುಂಡಿಯಿಂದ ಈಚೆಗೆ ಎಳೆದ.

“ಇಲ್ಲೂನೂವಾ ಮಾವ? ಸಾಕ್ ಬುಡು. ನೀನ್ ಮಣ್ಣಾಕ್ಬೇಡ.”

ಉಳಿದವರು ಸಾಲಾಗಿ ಬಂದು ಮಣ್ಣು ಹಾಕಿ, ಕೈ ಕೊಡವಿ, ಬಾವಿಯ ಕಡೆ ನಡೆದರು. ಹುಣಸೆಮರದಡಿಯ ಹೆಂಗಸರನ್ನು ಯಾರೋ ಮನೆಗೆ ಕರೆದೊಯ್ದರು. ನಡೆಯುತ್ತಲೇ ಮಾಯಮ್ಮ ಎರಡು ಸಲ ತಿರುಗಿ ನೋಡಿದಳು.

ಕೊನೆಗೆ ಉಳಿದವನು ಗುದ್ದಲಿ ಹಿಡಿದಿದ್ದ ಚಿಕ್ಕಮಾದಯ್ಯ ಒಬ್ಬನೇ, ಪಕ್ಕದ ಊರಿನಿಂದ ಗುಂಡಿ ತೋಡಲು ಬಂದವನು. ನಂಜಪ್ಪ ಅವನ ಎದುರು ಹೋಗಿ ನಿಂತು, ಹೆಬ್ಬೆರಳು ತೋರುಬೆರಳ ನಡುವೆ ಇಷ್ಟೇ ಇಷ್ಟು ಜಾಗ ಬಿಟ್ಟು ತೋರಿಸಿದ.

“ಐದು ದಾಟಿ ಇಷ್ಟೇ ಕಣಪ್ಪ. ಕಪ್ಪು ಕಡ್ಡಿ, ಅಡ್ಡ ಮಲ್ಗಿತ್ತು. ಇಬ್ರೂ ಒಟ್ಗೇ ನೋಡುದ್ವಿ.”

ಚಿಕ್ಕಮಾದಯ್ಯನಿಗೆ ತಲೆ ಬುಡ ತಿಳಿಯಲಿಲ್ಲ. ಮುದುಕರ ಮಾತಿಗೆ ಆಡಿಸುವಂತೆ ತಲೆಯಾಡಿಸಿ, “ವಸಿ ಅತ್ಲಾಗ್ ಸರ್ಕೊಳ್ಳಿ ಯಜಮಾನ್ರೆ,” ಎಂದು, ನಂಜಪ್ಪನ ಕಾಲ ಬುಡದ ಮಣ್ಣನ್ನು ಗುಂಡಿಗೆ ಎಳೆದ.